ಆಮೇಲೆ ನೆನಪಿಸು

ಪಾದರಸ ಎಂಬ ಅಡ್ಡಹೆಸರನ್ನು ಅವನಿಗೆ ಯಾರಿಟ್ಟರೋ ಗೊತ್ತಿಲ್ಲ. ಆದರೆ ಈ ಸುದ್ದಿ ನಿಜವಾದ ಪಾದರಸದ ಕಿವಿಗೆ ಬಿದ್ದರೆ ಅದು ಮಾನನಷ್ಟ ಮೊಕದ್ದಮೆ ಹೂಡುವುದು ಖಂಡಿತ. ಪಾದರಸವಾದರೂ ಗಾಜಿನ ಕೊಳವೆಗೆ ಹಾಕಿದರೆ ಒಂದಿಷ್ಟು ಹೊತ್ತು ತೆಪ್ಪಗಿರುತ್ತದೆ. ಇವನನ್ನು ಯಾವ ಕೊಳವೆಗೆ ಹಾಕುವುದು? ನಿದ್ದೆಯಲ್ಲೂ ಅವನ ಕೈ ದಿಂಬಿನ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತದೆಂದು ಸ್ವಂತ ಹೆಂಡತಿಯೇ ಸಾಕ್ಷಿ ಹೇಳುತ್ತಾಳೆ. ಒಮ್ಮೆ ಗೋಡೆ ಗಡಿಯಾರ ಸರಿಮಾಡಲು ಹೋಗಿ ಅದು ಹಿಂದಕ್ಕೆ ಓಡುವಂತೆ ಮಾಡಿದ್ದ. ಆ ವಾರವೆಲ್ಲ ಮನೆಯವರ ವಯಸ್ಸು ಇಳಿಯಿತೆಂದೂ, ತನ್ನ ಮೊಣಕಾಲು ನೋವು ಕೂಡ ಹೋಗಿತ್ತೆಂದೂ ಅತ್ತೆ ಇಂದಿಗೂ ಆಡಿಕೊಳ್ಳುತ್ತಾರೆ.

ಅವನ ಆಫೀಸು ಆರು ಮಹಡಿಯ ಕಟ್ಟಡದ ನೆತ್ತಿಯಲ್ಲಿತ್ತು. ಅಲ್ಲಿ ಕೂತವರೆಲ್ಲ ಲಿಫ್ಟುಗಳಿಗೆ ಬುದ್ಧಿ ಬರೆಯುವವರು. ಲಿಫ್ಟು ಯಾವ ಮಹಡಿಗೆ ಮೊದಲು ಹೋಗಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಕೆಲಸವಿಲ್ಲದಾಗ ಎಲ್ಲಿ ನಿಂತು ಕಾಯಬೇಕು ಎಂಬುದೆಲ್ಲ ಅವರು ಬರೆದ ಪ್ರೋಗ್ರಾಮಿನಲ್ಲಿರುತ್ತಿತ್ತು. ಎಲ್ಲರೂ ಬರೆದದ್ದನ್ನು ಒಟ್ಟುಗೂಡಿಸಿ, ಪರೀಕ್ಷೆ ಮಾಡಿ, ಲಿಫ್ಟಿಗೆ ಅರ್ಥವಾಗುವ ಹಾಗೆ ಕಟ್ಟಿಕೊಡುವುದು ಮಾತ್ರ ಮೂಲೆಯಲ್ಲಿದ್ದ ಒಂದು ಹಳೆಯ ಕಂಪ್ಯೂಟರು. ಅದರ ಹೆಸರು ಅಜ್ಜಿ. ಅಜ್ಜಿಯ ಫ್ಯಾನು ಗೊರಕೆ ಶುರುಮಾಡಿದರೆ, ಐದನೇ ಮಹಡಿಯ ಹಲ್ಲಿನ ಡಾಕ್ಟರು ತಮ್ಮ ಡ್ರಿಲ್ಲೇ ತಾನಾಗಿ ಓಡುತ್ತಿದೆಯೆಂದು ಹೆದರಿ ರೋಗಿಯನ್ನು ಬಾಯಿ ತೆರೆದಂತೆಯೇ ಬಿಟ್ಟು ಹೊರಗೆ ಬರುತ್ತಿದ್ದರು.

ತಾವು ಬೇಯಿಸಿದ್ದನ್ನು ಮೊದಲು ತಾವೇ ಉಣ್ಣಬೇಕು ಎಂಬುದು ಆ ತಂಡದ ವ್ರತ. ಅಜ್ಜಿಯ ತಲೆ ಮೇಲೊಂದು ಬಲ್ಬಿತ್ತು. ಪರೀಕ್ಷೆಗಳೆಲ್ಲ ಮುಗಿದು ಬಲ್ಬು ಹಸಿರಾಯಿತೆಂದರೆ ಹೊಸ ಪ್ರೋಗ್ರಾಮು ಯಾರಪ್ಪನ ಅಪ್ಪಣೆಗೂ ಕಾಯದೆ ತಮ್ಮದೇ ಕಟ್ಟಡದ ಲಿಫ್ಟಿಗೆ ಇಳಿದುಬಿಡುತ್ತಿತ್ತು. ಆ ಲಿಫ್ಟಿನಲ್ಲಿ ಮಹಡಿ ಬಂತೆಂದು ಕೂಗುವ ದನಿಯೂ ಮನೆಯದೇ. ಪಾದರಸನ ಹೆಂಡತಿ ಶಾಲೆಯಲ್ಲಿ ಗಣಿತ ಹೇಳುವವಳು, ಹಿಂದಿನ ಬೆಂಚಿನವನ ನಿದ್ದೆ ಮುಂದಿನ ಬೆಂಚಿನ ಬಳಿ ನಿಂತೇ ಓಡಿಸುವ ಗಂಟಲು. ಒಂದು ಭಾನುವಾರ ಅವಳನ್ನು ಕೂರಿಸಿ ರೆಕಾರ್ಡು ಮಾಡಿಕೊಂಡಿದ್ದರು. ಅಂದಿನಿಂದ ಪಾದರಸ ಬೆಳಿಗ್ಗೆ ಮನೆಯಲ್ಲಿ ಒಂದು ಸಲ, ಲಿಫ್ಟಿನಲ್ಲಿ ಇನ್ನೊಂದು ಸಲ ಹೆಂಡತಿಯ ಮಾತು ಕೇಳಿಯೇ ಕೆಲಸಕ್ಕೆ ಕೂರುತ್ತಿದ್ದ.

ಅಜ್ಜಿಯ ಯೋಗಕ್ಷೇಮ ಪಾದರಸನದು. ಅವನ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ, ಪೆನ್‌ಡ್ರೈವಿನಂಥ, ಹೆಬ್ಬೆರಳಿನಷ್ಟು ದೊಡ್ಡ ಕೀಲಿಯೊಂದಿತ್ತು. ಅದನ್ನು ಚುಚ್ಚಿದರೆ ಮಾತ್ರ ಅಜ್ಜಿ ತನ್ನ ಟೂಲುಗಳ ಮೇಲೆ ಕೈಹಾಕಲು ಬಿಡುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಸಿಕ್ಕಿದ ಆ ಕೀಲಿಯನ್ನು ಅವನು ಸ್ನಾನದ ಮನೆಯಲ್ಲೂ ತೆಗೆಯುತ್ತಿರಲಿಲ್ಲ. ಯಾವ ಟೂಲಿಗೆ ಹೊಸ ವರ್ಷನ್ ಬಂದರೂ ಅದನ್ನು ತಯಾರಿಸಿದವನಿಗಿಂತ ಮೊದಲು ಇವನಿಗೆ ಗೊತ್ತಾಗುತ್ತಿತ್ತು. ಅಜ್ಜಿಗೆ ಹಾಕಿ, ತನ್ನ ಕಂಪ್ಯೂಟರಿಗೆ ಹಾಕಿ, ಉಳಿದವರ ಪರದೆಗೆಲ್ಲ ಸಂದೇಶ ಕಳಿಸುತ್ತಿದ್ದ: ಹೊಸತು ಬಂದಿದೆ, 'ಈಗಲೇ' ಒತ್ತಿ. ಪೀಡೆ ಕಳೆಯಲೆಂದು ಎಲ್ಲರೂ ಒತ್ತುತ್ತಿದ್ದರು.

ಒಬ್ಬನನ್ನು ಬಿಟ್ಟು. ಅವನು ಪಕ್ಕದ ಮೇಜಿನ ಗುಂಡುಕಲ್ಲು, ಪಾದರಸನ ಹೆಂಡತಿಯ ಸ್ವಂತ ತಮ್ಮ. ಬೆಳಿಗ್ಗೆ ಕುರ್ಚಿಯಲ್ಲಿ ಕೂತನೆಂದರೆ ಭೂಮಿ ತಿರುಗುತ್ತಿರುವುದೇ ಸುಳ್ಳೇನೋ ಎಂದು ಅನುಮಾನ ಬರಬೇಕು, ಹಾಗೆ ಕೂರುವವನು. ಕೆಲಸ ಚೊಕ್ಕಟ, ತಪ್ಪು ಕಡಿಮೆ, ವೇಗ ಬಸವನ ಹುಳುವಿನದು. ಭಾವನ ಸಂದೇಶ ಪರದೆಗೆ ಬಂದಾಗಲೆಲ್ಲ ಅವನ ಬೆರಳು 'ಆಮೇಲೆ ನೆನಪಿಸು' ಎಂಬ ಗುಂಡಿಯ ಮೇಲೆ ಹೋಗುತ್ತಿತ್ತು. ಒತ್ತಿ ಒತ್ತಿ ಆ ಗುಂಡಿಯೇ ಇವನ ಬೆರಳನ್ನು ದೂರದಿಂದ ಗುರುತು ಹಿಡಿಯುತ್ತಿತ್ತು.

ಆ ದಿನ ಬೆಳಿಗ್ಗೆ ಯಜಮಾನಿ, ಅಂದರೆ ಕಂಪನಿ ಕಟ್ಟಿದ ಹೆಂಗಸು, ನೇರ ಪಾದರಸನ ಮೇಜಿಗೆ ಬಂದರು.

"ಏನ್ರೀ, ಇವತ್ತು ಮಧ್ಯಾಹ್ನ ಆ ಕಟ್ಟಡಗಳ ಒಡತಿ ಬರ್ತಿದ್ದಾರೆ. ಅವರ ಕಟ್ಟಡಗಳಿಗೆಲ್ಲ ನಮ್ಮ ಪ್ರೋಗ್ರಾಮು ಹಾಕ್ಸೋದೋ ಬೇಡವೋ ಅಂತ ನಮ್ಮ ಲಿಫ್ಟಲ್ಲಿ ಕೂತೇ ತೀರ್ಮಾನ ಮಾಡ್ತಾರಂತೆ."

"ಬರ್ಲಿ ಮೇಡಂ. ಅಜ್ಜಿ ರೆಡಿ, ನಾನೂ ರೆಡಿ."

"ನೀವು ರೆಡಿಯಾಗೋದೇ ಬೇಡ, ಅದನ್ನ ಹೇಳೋಕೇ ಬಂದೆ. ಇವತ್ತು ಒಂದೇ ಒಂದು ದಿನ ಅಜ್ಜೀನ ಮುಟ್ಬೇಡಿ. ಮುಟ್ಟಿ ಏನಾದ್ರೂ ಎಡವಟ್ಟಾಯ್ತೋ, ಈ ಕೀಲಿ ನಿಮ್ಮ ಕೊರಳಿಂದ ಇವರ ಕೊರಳಿಗೆ ಹೋಗುತ್ತೆ." ಯಜಮಾನಿ ಬೆರಳು ತೋರಿಸಿದ್ದು ಗುಂಡುಕಲ್ಲಿನ ಕಡೆಗೆ. "ನೀವು ಫೋನಿನ ಮುಂದೆ ಕೂತು ಗಿರಾಕಿಗಳ ದೂರು ಕೇಳೋರಂತೆ."

ಪಾದರಸನ ಕೈ ತಾನಾಗಿ ಕೊರಳಿಗೆ ಹೋಯಿತು. ದಿನವಿಡೀ ಒಂದೇ ಕುರ್ಚಿ, ಒಂದೇ ಫೋನು! ಅದಕ್ಕಿಂತ ಹೆಚ್ಚಾಗಿ, ಭಾವನ ಕೀಲಿ ಮೈದುನನ ಕೊರಳಿಗೆ ಬಿದ್ದರೆ ಅತ್ತೆಯ ಬಾಯಿಗೆ ಬೀಗ ಹಾಕುವ ಕಮ್ಮಾರ ಮೂರು ಲೋಕದಲ್ಲೂ ಸಿಗಲಾರ. ಅವನು ಮೈದುನನನ್ನು ನೋಡಿದ. ಗುಂಡುಕಲ್ಲಿನ ಮುಖ ಬಿಳಿಚಿಕೊಂಡಿತ್ತು. 'ಒಳಗೊಳಗೇ ಖುಷಿ, ಹೊರಗೆ ನಾಟಕ' ಎಂದುಕೊಂಡ ಪಾದರಸ.

ಆಮೇಲೆ ಶುರುವಾಯಿತು ನೋಡಿ, ಸುಮ್ಮನಿರುವ ತಪಸ್ಸು. ಮೊದಲು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತ. ಕೈ ಸುಮ್ಮನಾದರೆ ಕಾಲು ಕುಣಿಯತೊಡಗಿತು. ಕಾಲು ಕುಣಿದ ರಭಸಕ್ಕೆ ಎದುರು ಮೇಜಿನ ಪೆನ್ನುಗಳು ಸಾಲಾಗಿ ಕೆಳಗೆ ಹಾರಿದವು. ಕೀಬೋರ್ಡಿನ ಗುಂಡಿಗಳನ್ನೆಲ್ಲ ಕಿತ್ತು ಒರೆಸಿ ಮತ್ತೆ ಕೂರಿಸಿದ, ಎರಡು ಅಕ್ಷರ ಅದಲುಬದಲಾದವು. ಕಿಟಕಿಯ ಚಿಲಕ ಬಿಗಿ ಮಾಡಿದ, ಕಿಟಕಿ ತೆರೆಯದಂತಾಯಿತು. ತನ್ನ ಕುರ್ಚಿಯ ಸ್ಕ್ರೂ ತಿರುಗಿಸಿದ, ಕುರ್ಚಿ ಉಸ್ಸೆಂದು ನೆಲಕ್ಕಿಳಿದು ಮೂಗು ಮೇಜಿನ ಮಟ್ಟಕ್ಕೆ ಬಂತು.

"ಭಾವ, ಹೊರಗೆ ಒಂದು ಸುತ್ತು ಹಾಕ್ಕೊಂಡು ಬನ್ನಿ" ಎಂದ ಗುಂಡುಕಲ್ಲು, ಪರದೆಯಿಂದ ಕಣ್ಣು ತೆಗೆಯದೆ.

"ನಾನು ಆ ಕಡೆ ಹೋದ್ರೆ ನೀನು ಈ ಕಡೆ ಕೀಲಿಗೆ ದಾರ ಹುಡುಕ್ತೀಯ. ಗೊತ್ತು ಬಿಡೋ."

"ದಾರಾನಾ? ನನಗಾ?" ಎಂದ ಗುಂಡುಕಲ್ಲು. ಅಷ್ಟು ಮಾತಾಡಿದ್ದೇ ಅವನಿಗೆ ಆ ವಾರದ ದೊಡ್ಡ ಶ್ರಮ.

ಮಧ್ಯಾಹ್ನ ಎಲ್ಲರೂ ಡಬ್ಬಿ ಹಿಡಿದು ಊಟದ ಕೋಣೆಗೆ ಹೋದರು. ಪಾದರಸನಿಗೆ ಹಸಿವಿರಲಿಲ್ಲ. ಖಾಲಿ ಆಫೀಸಿನಲ್ಲಿ ಅಜ್ಜಿಯ ಪರದೆ ಮಿನುಗುತ್ತಿತ್ತು, ಅದರ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಕೆಂಪು ಚುಕ್ಕೆ. ಬಿಲ್ಡ್ ಟೂಲಿಗೆ, ಅಂದರೆ ಎಲ್ಲರ ಬರಹವನ್ನು ಕಟ್ಟುವ ಆ ಮುಖ್ಯ ಟೂಲಿಗೆ, ಹೊಸ ವರ್ಷನ್ ಬಂದಿದೆ ಎಂದು ಅದರ ಅರ್ಥ. ಪಾದರಸ ಮುಖ ತಿರುಗಿಸಿದ. ಗೋಡೆಯ ಮೇಲೂ ಚುಕ್ಕೆ ಕಂಡಿತು. ಕಣ್ಣು ಮುಚ್ಚಿದ, ರೆಪ್ಪೆಯೊಳಗೆ ಚುಕ್ಕೆ ಕುಂಬಳಕಾಯಿಯಷ್ಟಾಯಿತು.

'ಬರೀ ನೋಡ್ತೀನಿ' ಎಂದುಕೊಂಡು ಹತ್ತಿರ ಹೋದ. ಹೊಸ ವರ್ಷನ್ನಿನಲ್ಲಿ ಏನೇನು ಬದಲಾಗಿದೆ ಎಂದು ತಿಳಿಸುವ ದೊಡ್ಡ ಪುಟವಿತ್ತು. ಅದರ ತಲೆಬರಹ ಓದಿದ: ಎರಡು ಪಟ್ಟು ವೇಗ. ಕೆಳಗಿನದನ್ನು ಓದಲಿಲ್ಲ. ಅಂಥ ಪುಟಗಳನ್ನು ಓದುವುದೆಂದರೆ ಬಸ್ಸು ಹೊರಡುವ ಮುಂಚೆ ಅದರ ಚಕ್ರ ಎಣಿಸಿದಂತೆ ಎಂಬುದು ಅವನ ಸಿದ್ಧಾಂತ. ವೇಗ ಹೆಚ್ಚಾದರೆ ಮೇಡಂಗೂ ಒಳ್ಳೆಯದೇ ಅಲ್ಲವೇ? ಕೀಲಿ ಕೊರಳಿಂದ ಹೊರಬಂದದ್ದು ಅವನಿಗೇ ಗೊತ್ತಾಗಲಿಲ್ಲ. 'ಈಗಲೇ' ಒತ್ತಿದ. ಜಾಗ ಉಳಿಯಲೆಂದು ಹಳೆಯ ವರ್ಷನ್ ಅಳಿಸಿಹಾಕಿದ. ಕೈ ಹೇಗೂ ಕೊಳೆಯಾಗಿದೆಯೆಂದು ಎಲ್ಲರ ಪರದೆಗೂ ಸಂದೇಶ ಕಳಿಸಿದ. ಅಜ್ಜಿ ಗೊರಕೆ ಹೊಡೆದಳು, ಒಮ್ಮೆ ಕೆಮ್ಮಿದಳು, ಬಲ್ಬು ಹಸಿರಾಯಿತು. ಊಟ ಮುಗಿಸಿ ಬಂದವರು ಬಾಯಿ ಒರೆಸುತ್ತಲೇ 'ಈಗಲೇ' ಒತ್ತಿದರು. ಗುಂಡುಕಲ್ಲು ಎಂದಿನಂತೆ 'ಆಮೇಲೆ ನೆನಪಿಸು' ಒತ್ತಿ ತೇಗಿದ.

ಅಷ್ಟರಲ್ಲಿ ಹೊರಗಿನ ಕಾರಿಡಾರಿನಿಂದ ಹೆಂಡತಿಯ ದನಿ ಕೇಳಿಸಿತು. "ಆರನೇ ಮಹಡಿ. ಬಾಗಿಲು ತೆರೆಯುತ್ತಿದೆ." ಯಾರೂ ಬರಲಿಲ್ಲ. "ಬಾಗಿಲು ಮುಚ್ಚುತ್ತಿದೆ." ಸ್ವಲ್ಪ ಹೊತ್ತಿಗೆ ಮತ್ತೆ, "ಆರನೇ ಮಹಡಿ."

ಪಾದರಸ ಕಾರಿಡಾರಿಗೆ ಓಡಿದ. ಖಾಲಿ ಲಿಫ್ಟು ಬಾಗಿಲು ತೆರೆದು, ಒಂದು ಕಣ್ಣು ಹೊಡೆದಂತೆ ಮುಚ್ಚಿಕೊಂಡು ಇಳಿಯಿತು. ಐದರಲ್ಲಿ ನಿಂತಿತು, ತೆರೆಯಿತು, ಮುಚ್ಚಿತು. ನಾಲ್ಕರಲ್ಲೂ ಅದೇ. ನೆಲಮಹಡಿ ಮುಟ್ಟಿ ಮತ್ತೆ ಹತ್ತತೊಡಗಿತು. ಗುಂಡಿ ಒತ್ತಿದರೆ ಕೇಳದು, ಕರೆದರೆ ಓಗೊಡದು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ ಅವನು ಅಜ್ಜಿಯ ಮುಂದೆ ಕೂತು ಆ ದೊಡ್ಡ ಪುಟ ಓದಿದ. ಸುಮಾರು ಪಾತಾಳದ ಹತ್ತಿರ ಒಂದು ಸಾಲಿತ್ತು: ಇನ್ನು ಮುಂದೆ ಸೆಟ್ಟಿಂಗುಗಳ ಹೆಸರು ಬದಲಾಗಿದೆ, ಹಳೆಯ ಹೆಸರಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಂಡದವರು ವರ್ಷಗಟ್ಟಲೆ ಕೂಡಿಸಿದ್ದ ಸೆಟ್ಟಿಂಗುಗಳನ್ನೆಲ್ಲ ಹೊಸ ಟೂಲು ತುಟಿ ಬಿಚ್ಚದೆ ಪಕ್ಕಕ್ಕೆ ತಳ್ಳಿತ್ತು. ಸೆಟ್ಟಿಂಗು ಇಲ್ಲದ ಲಿಫ್ಟು ಕಾರ್ಖಾನೆಯಲ್ಲಿ ಕಲಿತ ಮೊದಲ ಪಾಠಕ್ಕೆ ಹಿಂದಿರುಗಿತ್ತು: ಎಲ್ಲ ಮಹಡಿಗೂ ಹೋಗು, ಬಾಗಿಲು ತೆರೆ, ಮುಚ್ಚು, ಯಾರ ಮಾತೂ ಕೇಳಬೇಡ, ನಿಲ್ಲಬೇಡ.

ಅಜ್ಜಿಯ ಪರೀಕ್ಷೆಗೆ ಇದು ಸಿಕ್ಕಿಬೀಳಲಿಲ್ಲವೇ? ಸಿಕ್ಕಿಬೀಳಲಿಲ್ಲ. ಬಾಗಿಲು ಕೈ ಚಿವುಟುತ್ತದೆಯೇ ಎಂಬ ಪರೀಕ್ಷೆಯಿತ್ತು, ಭಾರ ಹೆಚ್ಚಾದರೆ ಕೂಗುತ್ತದೆಯೇ ಎಂಬ ಪರೀಕ್ಷೆಯಿತ್ತು. ಲಿಫ್ಟಿಗೆ ಸುಮ್ಮನಿರಲು ಬರುತ್ತದೆಯೇ ಎಂದು ಪರೀಕ್ಷಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಆ ಪರೀಕ್ಷೆಗಳನ್ನು ಹೊಂದಿಸಿದವನೂ ಪಾದರಸನೇ.

ಹೊಸ ಹೆಸರುಗಳನ್ನು ಒಂದೊಂದಾಗಿ ಹುಡುಕಿ ತುಂಬಿಸಲು ಸಂಜೆಯಾಗುತ್ತದೆ. ಹಳೆಯ ವರ್ಷನ್ ಮತ್ತೆ ಇಳಿಸಿಕೊಳ್ಳೋಣವೆಂದರೆ ತಯಾರಿಸಿದವರೇ ಅದನ್ನು ಮುದಿಯಾಯಿತೆಂದು ತೆಗೆದುಹಾಕಿದ್ದರು. ಅವನು ಬೆವರು ಒರೆಸಿಕೊಳ್ಳುವಾಗ ಫೋನು ಬಂತು. ಯಜಮಾನಿ ಪಿಸುಗುಟ್ಟುತ್ತಿದ್ದರು, ಆದರೆ ಆ ಪಿಸುಮಾತಿಗೆ ಪಾದರಸನ ಕಿವಿಯ ಕೂದಲು ನೆಟ್ಟಗಾದವು.

"ಒಡತಿ ಹೇಳಿದ್ದಕ್ಕಿಂತ ಮೊದಲೇ ಬಂದ್ಬಿಟ್ರು. ಲಿಫ್ಟಲ್ಲಿದ್ದೀವಿ. ಇದು ಮೂರನೇ ಸಲ ನಾವು ನೆಲಮಹಡಿ ನೋಡ್ತಿರೋದು. ಏನ್ರೀ ಮಾಡಿದ್ರಿ?"

"ಮೇಡಂ, ಆರನೇ ಮಹಡೀಲಿ ಬಾಗಿಲು ತೆರೆದಾಗ ಕೈ ಅಡ್ಡ ಇಟ್ರೆ ಇಳಿಬಹುದು..."

ಹಿಂದಿನಿಂದ ಇನ್ನೊಂದು ದನಿ, ತಗಡಿನ ಮೇಲೆ ಕಲ್ಲು ಎಳೆದಂಥದು. "ಇಳಿಯೋಕೆ ಬರುತ್ತಪ್ಪಾ, ಇಳಿಯಲ್ಲ! ನಾನು ಆರು ಒತ್ತಿದೀನಿ. ನಡುವೆ ಎಲ್ಲೂ ನಿಲ್ದೆ ಆರಕ್ಕೆ ಹೋಗಿ, ಈ ಮುದುಕಿ ಇಳಿಯೋವರೆಗೂ ಬಾಗಿಲು ತೆಗೆದಿಟ್ಕೊಂಡು ಕಾಯ್ಬೇಕು. ಅದಾದ್ರೆ ಇಳೀತೀನಿ. ಇಲ್ದಿದ್ರೆ ಕಟ್ಟಡ ಮುಚ್ಚೋ ಹೊತ್ತಿಗೆ ನೆಲಮಹಡೀಲಿ ಇಳಿದು ಮನೆಗೆ ಹೋಗ್ತೀನಿ. ಏ ಕಾವಲುಗಾರಪ್ಪಾ, ಒಂದು ಕುರ್ಚಿ ಕೊಡೋ ಒಳಗೆ!"

ಪಾದರಸ ಮೆಟ್ಟಿಲ ಕಡೆ ಹಾರಿದ. ಏಕೆ ಹಾರಿದನೆಂದು ಅವನಿಗೇ ಗೊತ್ತಿಲ್ಲ, ಕೂತಿರಲಾರದೆ ಹಾರಿದ. ಲಿಫ್ಟು ಐದಕ್ಕೆ ಬಂದಾಗ ಅವನು ಐದರ ಬಾಗಿಲಲ್ಲಿದ್ದ. ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳ್ಳಿ ಕೂದಲಿನ ಒಡತಿ, ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು. ಪಕ್ಕದಲ್ಲಿ ಯಜಮಾನಿ, ಕಣ್ಣಲ್ಲೇ ಕೊರಳಿನ ಕೀಲಿಯನ್ನು ಕಿತ್ತುಕೊಳ್ಳುವ ನೋಟ. ಬಾಗಿಲು ಮುಚ್ಚಿತು. ನಾಲ್ಕಕ್ಕೆ ಓಡಿದ, ಮತ್ತೆ ಅದೇ ದರ್ಶನ.

"ಇವನು ಯಾರಮ್ಮಾ? ಪ್ರತಿ ಮಹಡೀಲೂ ಒಬ್ಬೊಬ್ಬ ಇವನನ್ನೇ ಹೋಲೋನು ನಿಂತಿದಾನಲ್ಲ!" ಎಂದರು ಒಡತಿ.

"ಐದು ಜನ ಅಣ್ಣತಮ್ಮಂದಿರು ಅಂದ್ಕೊಳ್ಳಿ" ಎಂದರು ಯಜಮಾನಿ, ಹಲ್ಲು ಕಚ್ಚಿ.

ಎರಡನೇ ಮಹಡಿಯಲ್ಲಿ ಉಸಿರು ಕಟ್ಟಿ ಗೋಡೆಗೊರಗಿದಾಗ ಪಾದರಸನಿಗೆ ಜಗತ್ತಿನಲ್ಲಿ ಒಬ್ಬನೇ ಒಬ್ಬ ನೆನಪಾದ. ಹಳೆಯ ವರ್ಷನ್ ಇನ್ನೂ ಉಸಿರಾಡುತ್ತಿದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಮೆಟ್ಟಿಲು ಹತ್ತಿದ್ದೋ, ಮೆಟ್ಟಿಲೇ ಅವನನ್ನು ಮೇಲಕ್ಕೆ ಎಸೆದದ್ದೋ, ಮೈದುನನ ಮೇಜಿನ ಮುಂದೆ ಬಂದು ಬಿದ್ದ.

"ಲೋ, ನಿನ್ನ ಕಾಲಿಗೆ ಬೀಳ್ತೀನಿ ಕಣೋ."

"ಬೀಳ್ಬೇಡಿ ಭಾವ, ಅಕ್ಕ ನೋಡಿದ್ರೆ ನನ್ನ ಬೈತಾಳೆ. ಏನಾಯ್ತು?"

ಪಾದರಸ ಎಲ್ಲ ಹೇಳಿದ. ಹೇಳಿ, ಕೊರಳಿನ ದಾರಕ್ಕೆ ಕೈಹಾಕಿದ. "ಈ ಕೀಲಿ ಹೇಗೂ ನಿನಗೇ ಬರುತ್ತೆ. ನೀನು ಸಹಾಯ ಮಾಡದೆ ಕೂತ್ರೂ ಬರುತ್ತೆ, ಅದೂ ಗೊತ್ತು. ಆದ್ರೂ ಹಳೇ ಟೂಲಲ್ಲಿ ಒಂದ್ಸಲ ಕಟ್ಟಿಕೊಡೋ."

ಆಗ ನಡೆದದ್ದನ್ನು ಆ ಆಫೀಸಿನವರು ಮೊಮ್ಮಕ್ಕಳಿಗೂ ಹೇಳುತ್ತಾರೆ. ಗುಂಡುಕಲ್ಲು ಎದ್ದು ನಿಂತ. ಅವನ ಕುರ್ಚಿಯೇ ಗಾಬರಿಯಾಗಿ ಹಿಂದಕ್ಕೆ ಉರುಳಿತು.

"ನನಗೆ ಬರುತ್ತಾ? ಆ ಪೀಡೆ ನನ್ನ ಕೊರಳಿಗಾ? ಭಾವ, ನಿಮಗೆ ತಲೆ ನೆಟ್ಟಗಿದೆಯಾ? ಕೀಲಿ ಬಂತು ಅಂದ್ರೆ ಹೊತ್ತಲ್ಲದ ಹೊತ್ತಲ್ಲಿ ಫೋನು, ಎಲ್ಲರ ಕಂಪ್ಯೂಟರೂ ನಾನೇ ನೋಡ್ಬೇಕು, ಊಟ ಮಾಡ್ತಿದ್ರೂ ಎದ್ದೋಡ್ಬೇಕು! ಬೆಳಿಗ್ಗೆ ಮೇಡಂ ಬೆರಳು ತೋರಿಸಿದಾಗಿಂದ ನನಗೆ ಅನ್ನ ಸೇರಿಲ್ಲ!"

"ತೇಗಿದೆಯಲ್ಲೋ!"

"ಅದು ಭಯದ ತೇಗು! ಪೆನ್‌ಡ್ರೈವ್ ತನ್ನಿ, ಬೇಗ!"

ಬೇಗ ಎಂಬ ಪದ ಆ ಬಾಯಿಂದ ಹೊರಟದ್ದಕ್ಕೆ ಆಫೀಸಿನ ಅರ್ಧ ಜನ ತಲೆ ಎತ್ತಿದರು. ಗುಂಡುಕಲ್ಲಿನ ಬೆರಳುಗಳು ಕೀಬೋರ್ಡಿನ ಮೇಲೆ ಬಿಸಿ ಬಾಣಲೆಯ ಸಾಸಿವೆಯಂತೆ ಸಿಡಿದವು. ಹಳೆಯ ಟೂಲು ಏದುಸಿರು ಬಿಡುತ್ತ, ಹಳೆಯ ಹೆಸರಿನ ಸೆಟ್ಟಿಂಗುಗಳನ್ನೆಲ್ಲ ಪ್ರೀತಿಯಿಂದ ಓದಿಕೊಂಡು, ಪ್ರೋಗ್ರಾಮು ಕಟ್ಟಿತು. ಅಷ್ಟು ಹೊತ್ತು ಪಾದರಸ ಕುರ್ಚಿಯ ಸುತ್ತ ಪ್ರದಕ್ಷಿಣೆ ಹಾಕಿದ. ನೆಲಹಾಸಿನಲ್ಲಿ ಅವನು ತುಳಿದ ಉಂಗುರ ಈಗಲೂ ಕಾಣುತ್ತದೆ.

"ಅಜ್ಜಿ ಮೂಲಕ ಕಳಿಸಿದ್ರೆ ಮತ್ತೆ ಹೊಸ ಟೂಲು ಕೈಹಾಕುತ್ತೆ" ಎಂದ ಗುಂಡುಕಲ್ಲು. "ಮೇಲೆ ಲಿಫ್ಟಿನ ಯಂತ್ರದ ಕೋಣೆಗೆ ಹೋಗಿ ನೇರ ಚುಚ್ಚಿ. ಮತ್ತೆ ಕೇಳಿ ಭಾವ. ಅಲ್ಲಿ ಏನು ಕಂಡ್ರೂ ಮುಟ್ಬೇಡಿ. ಏನು ಕೇಳಿದ್ರೂ 'ಆಮೇಲೆ' ಅನ್ನಿ. ನನ್ನ ನಿದ್ದೆ ನಿಮ್ಮ ಕೈಲಿದೆ."

ತಾರಸಿಯ ಮೇಲಿನ ಆ ಕೋಣೆಯಲ್ಲಿ ದಪ್ಪ ಹಗ್ಗದಂಥ ತಂತಿಗಳು ಎಡೆಬಿಡದೆ ಸುತ್ತಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಇದ್ದವು. ಕೆಳಗಿನಿಂದ, ಬಾವಿಯ ತಳದಿಂದ ಬಂದಂತೆ, ಹೆಂಡತಿಯ ದನಿ: "ಎರಡನೇ ಮಹಡಿ. ಬಾಗಿಲು ಮುಚ್ಚುತ್ತಿದೆ." ಪಾದರಸ ಪೆನ್‌ಡ್ರೈವ್ ಚುಚ್ಚಿದ. ಗೋಡೆಯ ಪುಟ್ಟ ಪರದೆ ಬೆಳಗಿತು. ಪ್ರೋಗ್ರಾಮು ತುಂಬಿಕೊಳ್ಳುವ ಮುಂಚೆ ಪರದೆ ಒಂದು ಪ್ರಶ್ನೆ ಕೇಳಿತು: ನಿಯಂತ್ರಕಕ್ಕೆ ಹೊಸ ವರ್ಷನ್ ಬಂದಿದೆ. 'ಈಗಲೇ', 'ಆಮೇಲೆ ನೆನಪಿಸು'.

ಪಾದರಸನ ತೋರುಬೆರಳು ಹುಟ್ಟಿದಾಗಿನಿಂದ ಇಂಥ ಪ್ರಶ್ನೆಗೆ ಒಂದೇ ಉತ್ತರ ಕಲಿತಿತ್ತು. ಅದು ಎದ್ದೂ ಆಗಿತ್ತು, 'ಈಗಲೇ' ಕಡೆಗೆ ಅರ್ಧ ದಾರಿ ಹೋಗಿಯೂ ಆಗಿತ್ತು. ಹೊಸ ವರ್ಷನ್ನಿನಲ್ಲಿ ಏನಿರಬಹುದು? ಇನ್ನೂ ಮೆತ್ತಗೆ ನಿಲ್ಲುತ್ತದೇನೋ, ಒಡತಿಗೆ ಖುಷಿಯಾಗುತ್ತದೇನೋ. ಅಂಗೈ ತುರಿಸಿತು, ಮೊಣಕೈ ತುರಿಸಿತು, ಹಲ್ಲು ಕೂಡ ತುರಿಸಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಒಬ್ಬನೇ ಮನುಷ್ಯನ ಎರಡು ಕೈಗಳ ನಡುವೆ ಅಂಥ ಕುಸ್ತಿ ಯಾವ ಅಖಾಡದಲ್ಲೂ ನಡೆದಿರಲಿಕ್ಕಿಲ್ಲ. "ಮೂರನೇ ಮಹಡಿ" ಎಂದಿತು ಹೆಂಡತಿಯ ದನಿ, ಗಣಿತದ ತರಗತಿಯಲ್ಲಿ ತಪ್ಪು ಲೆಕ್ಕ ಮಾಡುವವನ ಬೆನ್ನ ಹಿಂದೆ ಬಂದು ನಿಂತಂತೆ. ಎಡಗೈ ಗೆದ್ದಿತು. ಬಲಗೈಯ ಬೆರಳನ್ನು ಹಗ್ಗ ಕಟ್ಟಿದ ಕರುವಿನಂತೆ ಎಳೆದುಕೊಂಡು ಹೋಗಿ 'ಆಮೇಲೆ ನೆನಪಿಸು' ಮೇಲೆ ಊರಿತು.

ತಂತಿಗಳು ನಿಂತವು. ಆ ನಿಶ್ಶಬ್ದಕ್ಕೆ ಪಾದರಸನ ಕಿವಿ ಗುಂಯ್‌ಗುಟ್ಟಿತು. ಆಮೇಲೆ ಚಕ್ರ ಒಂದೇ ಸಮನೆ ತಿರುಗಿತು. ನಾಲ್ಕು ಎನ್ನಲಿಲ್ಲ, ಐದು ಎನ್ನಲಿಲ್ಲ. "ಆರನೇ ಮಹಡಿ. ಬಾಗಿಲು ತೆರೆಯುತ್ತಿದೆ."

ಅವನು ಕೆಳಗೆ ಬರುವ ಹೊತ್ತಿಗೆ ಒಡತಿ ಕುರ್ಚಿಯಿಂದ ಏಳುತ್ತಿದ್ದರು. ಬೇಕೆಂದೇ ನಿಧಾನ ಮಾಡುತ್ತಿದ್ದರು. ಕೋಲು ಊರಿದರು, ಸೆರಗು ಸರಿಮಾಡಿಕೊಂಡರು, ಹೊಸ್ತಿಲ ಮೇಲೆ ನಿಂತು ಕೆಮ್ಮಿದರು. ಬಾಗಿಲು ಮನೆಯ ಹಿರಿಸೊಸೆಯಂತೆ ತಾಳ್ಮೆಯಿಂದ ಕಾದಿತು. ಅವರು ಇಳಿದ ಮೇಲೆ ಮುಚ್ಚಿಕೊಂಡು, ನೆಲಮಹಡಿಗೆ ಹೋಗಿ, ಸುಮ್ಮನೆ ನಿಂತಿತು.

"ಈಗ ಸರಿಹೋಯ್ತು. ಆಗ ಏನಾಗಿತ್ತು?" ಎಂದರು ಒಡತಿ.

"ಕರೆಂಟು ಸ್ವಲ್ಪ..." ಎಂದು ಶುರುಮಾಡಿದ ಗುಂಡುಕಲ್ಲು.

"ಕರೆಂಟಲ್ಲ. ನನ್ನ ಕೈ" ಎಂದ ಪಾದರಸ. ಕೀಲಿ ತೆಗೆದು ಯಜಮಾನಿಯ ಮುಂದೆ ಹಿಡಿದ. ಕೊರಳು ಬರಿದಾಗಿ, ಹಲ್ಲು ಬಿದ್ದ ಬಾಯಿಯಂತೆ ಅನಿಸಿತು.

ಒಡತಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹೂಂ. ಮುಂದಿನ ತಿಂಗಳು ಮತ್ತೆ ಬರ್ತೀನಮ್ಮಾ. ಯಾವತ್ತು ಅಂತ ಹೇಳಲ್ಲ. ಅವತ್ತು ಲಿಫ್ಟು ಹೀಗೇ ತೆಪ್ಪಗೆ ನಿಂತಿದ್ರೆ ನನ್ನ ಕಟ್ಟಡಗಳೆಲ್ಲ ನಿಮ್ದು. ಅಲ್ಲಿವರೆಗೂ ಈ ಮಹಾನುಭಾವನ ಕೈ ಎಲ್ಲಾದ್ರೂ ಕಟ್ಟಿಹಾಕಿ."

ಯಜಮಾನಿ ಕೈ ಕಟ್ಟಿಹಾಕಿದರು, ಆದರೆ ಹಗ್ಗದಿಂದಲ್ಲ. ಮರುದಿನವೇ ಗುಂಡುಕಲ್ಲಿನ ಕಂಪ್ಯೂಟರಿನ ಹಳೆಯ ಟೂಲನ್ನೇ ಅಜ್ಜಿಗೆ ಮತ್ತೆ ಹಾಕಿಸಿ, ಇನ್ನೊಂದು ಕೀಲಿ ಮಾಡಿಸಿದರು. ಒಂದನ್ನು ಪಾದರಸನಿಗೆ ಹಿಂದಿರುಗಿಸಿದರು, ಇನ್ನೊಂದನ್ನು ಗುಂಡುಕಲ್ಲಿನ ಕೊರಳಿಗೆ ತಾವೇ ನಿಂತು ಹಾಕಿಸಿದರು. ಇನ್ನು ಎರಡು ಕೀಲಿಯೂ ಒಟ್ಟಿಗೆ ಚುಚ್ಚಿ, ಇಬ್ಬರೂ 'ಸರಿ' ಎಂದರೆ ಮಾತ್ರ ಅಜ್ಜಿ ಜಗ್ಗುತ್ತಾಳೆ. ಫೋನು ಬಂದರೆ ಎಂದಿನಂತೆ ಪಾದರಸನೇ ಎತ್ತಬೇಕು. ಅದೊಂದು ಮಾತು ಕೇಳಿ ಗುಂಡುಕಲ್ಲು ಮತ್ತೆ ಉಸಿರಾಡಿದ.

ವಾರ ಕಳೆಯಿತು. ಪಾದರಸ ಆ ಪಾತಾಳದ ಪುಟವನ್ನು ತಲೆಯಿಂದ ಕಾಲಿನವರೆಗೂ ಓದಿದ, ಹೊಸ ಹೆಸರುಗಳನ್ನೆಲ್ಲ ಹೊಂದಿಸಿದ, ಲಿಫ್ಟಿಗೆ ಸುಮ್ಮನಿರಲು ಬರುತ್ತದೆಯೇ ಎಂಬ ಪರೀಕ್ಷೆಯೊಂದನ್ನೂ ಬರೆದ. ಎಲ್ಲ ಸಿದ್ಧ. ಬೇಕಾದದ್ದು ಇನ್ನೊಂದು ಕೀಲಿ ಮಾತ್ರ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಕಣ್ಣು ಮಿಟುಕಿಸುತ್ತಿತ್ತು.

"ಲೋ, ಒಂದ್ಸಲ ಚುಚ್ಚೋ. ಎಲ್ಲಾ ನೋಡಿದೀನಿ ಕಣೋ, ಅಕ್ಷರ ಅಕ್ಷರ ಓದಿದೀನಿ."

"ಒಡತಿ ಬಂದು ಹೋಗ್ಲಿ. ಆಮೇಲೆ ನೆನಪಿಸಿ ಭಾವ."

ಪಾದರಸ ಕಿಟಕಿಯವರೆಗೆ ಹೋದ. ತಾನೇ ಬಿಗಿದ ಚಿಲಕವನ್ನು ಎಳೆದು ನೋಡಿದ, ಅಲುಗಲಿಲ್ಲ. ಹಿಂದಿರುಗಿ ಬಂದ.

"ಆಮೇಲೆ ಆಯ್ತು ಕಣೋ."

ಗುಂಡುಕಲ್ಲು ಕಣ್ಣು ಮುಚ್ಚಿ, ಕೀಲಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ. ಪಾದರಸ ಮೆಟ್ಟಿಲ ಕಡೆ ನಡೆದ. ಇಳಿದು ನೋಡಿದರೆ ಲಿಫ್ಟು ನೆಲಮಹಡಿಯಲ್ಲಿ ದೀಪ ಆರಿಸಿಕೊಂಡು ಹಾಯಾಗಿ ನಿಂತಿತ್ತು. ಅದನ್ನೇ ದುರುಗುಟ್ಟಿ ನೋಡಿ, ಮತ್ತೆ ಆರು ಮಹಡಿ ಹತ್ತಿದ. ಹತ್ತಿ, ಉಸಿರು ಬಿಡುತ್ತ, ಮೈದುನನ ಭುಜ ತಟ್ಟಿದ.